ಮೈನಸ್ ಐವತ್ತೆಂಟು

ಬೆಳಿಗ್ಗೆ ಏಳಕ್ಕೇ ಫೋನು: ಫ್ರೀಜರು ಬೆವರುತ್ತಿದೆ, ಬೇಗ ಬಾ.
ಮುಹರಕ್‌ನ ಆ ಓಣಿಯಲ್ಲಿ ವ್ಯಾನು ತಿರುಗುವುದಿಲ್ಲ.
ಗ್ಯಾಸಿನ ಸಿಲಿಂಡರು ಹೆಗಲ ಮೇಲೆ, ಗೇಜು ಕೊರಳಲ್ಲಿ,
ಮಸೀದಿಯ ನೆರಳಿನಿಂದ ದರ್ಜಿಯಂಗಡಿಯ ನೆರಳಿಗೆ
ಹಾರಿ ಹಾರಿ ನಡೆದೆ.
ಜುಲೈ. ನೆರಳೂ ಬಿಸಿ.

ಹಿಂಬಾಗಿಲಲ್ಲಿ ಡಂಬರ್, ಬಾಗ್ಲುಂಗಿನವನು.
ಇಪ್ಪತ್ತಾರು ವರ್ಷ ಸಮುದ್ರವನ್ನೇ ಕಾಣದೆ ಬೆಳೆದು
ಈಗ ಊರಿಗೆಲ್ಲ ಸಮುದ್ರ ಕೊಯ್ದು ಬಡಿಸುವವನು.
ಜಪಾನಿಗೆ ಹೋಗಿದ್ದೀಯಾ ಅಂದರೆ
ಚಾಕು ಒರೆಸುತ್ತ ನಗುತ್ತಾನೆ:
"ಜಪಾನೇ ಇಲ್ಲಿಗೆ ಬಂದಿದೆಯಲ್ಲ, ಡಬ್ಬಿಯಲ್ಲಿ."

ಆ ಡಬ್ಬಿಗಳನ್ನು ಡ್ರೈ ಐಸಿಗೆ ಸಾಗಿಸಿದ್ದು ಇಬ್ಬರೂ ಸೇರಿ.
ಟ್ಯೂನಾ. ರಟ್ಟಿನ ಮೇಲೆ ಮುದ್ರೆಯ ಮೇಲೆ ಮುದ್ರೆ:
ಹಿಡಿದದ್ದು ಹಿಂದೂ ಮಹಾಸಾಗರ,
ಕೊಯ್ದದ್ದು ಶಿಜುವೋಕಾ,
ಇಳಿದದ್ದು ದುಬೈ, ಮತ್ತೆ ಲಾರಿ, ಮತ್ತೆ ಸೇತುವೆ.
ನಮ್ಮೂರ ಕಡೆಯ ನೀರಲ್ಲೇ ಈಜಿದ್ದಿರಬಹುದಾದ ಮೀನು
ನನ್ನ ಪಾಸ್‌ಪೋರ್ಟಿಗಿಂತ ಹೆಚ್ಚು ಸೀಲು ಹಾಕಿಸಿಕೊಂಡು
ನನಗಿಂತ ತಣ್ಣಗೆ ಕುಳಿತಿದೆ.

ಸೋರುತ್ತಿದ್ದದ್ದು ಒಂದು ಫ್ಲೇರ್ ನಟ್ಟು, ಅಷ್ಟೆ.
ಸಾಬೂನಿನ ನೀರು ಸವರಿದರೆ ಸಾಸಿವೆಯಷ್ಟು ಗುಳ್ಳೆ.
ಸಾಸಿವೆಯಷ್ಟು ಗುಳ್ಳೆಗೆ ನಾಲ್ಕು ತಾಸು.

ಬಿಲ್ಲು ಕೊಟ್ಟಾಗ ನೂರಾ ಮೇಡಂ
"ಬಾಚಿರ್" ಅಂದರು. ಅಂದರೆ ನಾಳೆ.
ಆ ನಾಳೆಗೂ ನನಗೂ ಮೂರು ವರ್ಷದ ಪರಿಚಯ.
ಆಮೇಲೆ ನನ್ನ ಅಂಗಿ ನೋಡಿ, ಗಡಿಯಾರ ನೋಡಿ,
"ಊಟ ಮಾಡಿಕೊಂಡು ಹೋಗು. ಹಿಂದೆ ಅಲ್ಲ, ಮುಂದೆ."

ಮುಂದೆ ಅಂದರೆ ಗಿರಾಕಿಗಳ ಕಡೆ.
ಇಷ್ಟು ದಿನ ಈ ಹೋಟೆಲಿನ ಬೆನ್ನು ನೋಡಿದವನಿಗೆ
ಮುಖ ಇಷ್ಟು ನುಣುಪು ಅಂತ ಗೊತ್ತಿರಲಿಲ್ಲ.
ಎತ್ತರದ ಮರದ ಕುರ್ಚಿ. ಬಿಸಿ ಟವೆಲ್ಲು.
ಕೈ ಒರೆಸಿದೆ, ಟವೆಲ್ಲು ಕಪ್ಪಾಯಿತು,
ಕಪ್ಪು ಒಳಗಾಗುವಂತೆ ಮಡಚಿ ಇಟ್ಟೆ.
ಎರಡು ಕುರ್ಚಿ ಆಚೆ ಬ್ಯಾಂಕಿನ ಹುಡುಗಿಯರು
ಫೋಟೋ ತೆಗೆಯುತ್ತಿದ್ದರು, ಊಟದ್ದು; ಪುಣ್ಯಕ್ಕೆ ನನ್ನದಲ್ಲ.
ಡಂಬರ್ ಗುರುತಿಲ್ಲದವನ ಹಾಗೆ ಬಾಗಿ
ಜಪಾನಿಯಲ್ಲಿ ಸ್ವಾಗತ ಕೂಗಿದ, ನಗದೆ.
ನಾನೂ ನಗಲಿಲ್ಲ. ಅವನ ಕೆಲಸ ಅವನದು.

ಕಡ್ಡಿ ಹಿಡಿಯಲು ಕಷ್ಟವಾಗಲಿಲ್ಲ.
ಕ್ಯಾಪಿಲರಿ ಟ್ಯೂಬನ್ನು ಮುರಿಯದೆ ಬಗ್ಗಿಸುವ ಬೆರಳಿಗೆ
ಅನ್ನದ ಉಂಡೆ ಯಾವ ಲೆಕ್ಕ?
ಮೊದಲನೆಯದು ಬೆಳ್ಳಿಮೈ, ನೀಲಿ ಗೆರೆ.
"ಸಾಬಾ" ಅಂದ ಅವನು.
"ಬಂಗುಡೆ" ಅಂದೆ ನಾನು.
ಬಂಗುಡೆಯಲ್ಲದಿದ್ದರೆ ಅದರ ದೊಡ್ಡಪ್ಪನ ಮಗ.
ಗಂಗೊಳ್ಳಿ ಬಂದರಲ್ಲಿ ಅಬ್ಬಿ ನೂರಕ್ಕೆ ಎಂಟು ಕೊಡುತ್ತಿದ್ದದ್ದು
ಇಲ್ಲಿ ತುಂಡೊಂದಕ್ಕೆ ಎರಡು ದಿನಾರು.
ಅವಳಿದ್ದಿದ್ದರೆ ಮೊದಲು ಕಿವಿರು ಎತ್ತಿ ನೋಡುತ್ತಿದ್ದಳು.
ಇದಕ್ಕೆ ಕಿವಿರೇ ಇಲ್ಲ.
ಆಮೇಲೆ ನನ್ನನ್ನು ನೋಡುತ್ತಿದ್ದಳು:
"ಹಸಿ ಮೀನ್ ತಿಂಬುಕೆ ನೀನೆಂತ ಬೆಕ್ಕಾ?"

ಬೆಕ್ಕೇ ಅನ್ನಿ. ತಿಂದೆ.
ವಿನೆಗರಿನ ಹುಳಿ, ಆಮೇಲೆ ಎಣ್ಣೆ, ಆಮೇಲೆ
ಎಲ್ಲೋ ತೀರಾ ಹಿಂದೆ, ದೋಣಿಯ ತಳದ ವಾಸನೆ.
ಆದರೆ ನಾಲಗೆ ತನ್ನ ಚಾಳಿ ಬಿಡಲಿಲ್ಲ.
ಮುಳ್ಳು ಹುಡುಕಿತು.
ಮೆತ್ತಗೆ ಎಡಕ್ಕೆ ತಳ್ಳಿ, ಬಲಕ್ಕೆ ತಳ್ಳಿ,
ಇಲ್ಲದ ಮುಳ್ಳನ್ನು ಬೇರ್ಪಡಿಸುತ್ತಲೇ ಇತ್ತು.
ನಾಲ್ಕನೆಯ ವಯಸ್ಸಿಗೆ ಕಲಿತ ವಿದ್ಯೆ;
ಇಲ್ಲಿ ಯಾರೋ ನನ್ನ ಬದಲಿಗೆ ಮುಗಿಸಿಬಿಟ್ಟಿದ್ದಾರೆ,
ಇಕ್ಕಳ ಹಿಡಿದು, ಒಂದೊಂದಾಗಿ.

ಕಿವಿ ಮಾತ್ರ ಹಿಂದಿನ ಕೋಣೆಯಲ್ಲೇ ಇತ್ತು.
ಕಂಪ್ರೆಸರ್ ಓಡುತ್ತಿದೆ. ಓಡಲಿ.
ಟ್ಯೂನಾ ಬಂತು, ಕೆಂಪಗೆ; ಓಡುತ್ತಿದೆ.
ಮೊಟ್ಟೆಯದೊಂದು ಬಂತು, ಸಿಹಿ; ಇನ್ನೂ ಓಡುತ್ತಿದೆ.
ಸೂಪಿನ ಬಟ್ಟಲೆತ್ತಿ ಕೊನೆಯ ಗುಟುಕು ಕುಡಿಯುವಾಗ
ಟಕ್.
ನಿಂತಿತು. ಮೈನಸ್ ಐವತ್ತೆಂಟು ಮುಟ್ಟಿರಬೇಕು.
ಸದ್ದು ನಿಂತದ್ದು ಇಡೀ ಹೋಟೆಲಿನಲ್ಲಿ
ಇಬ್ಬರಿಗೇ ಕೇಳಿಸಿತು. ಡಂಬರ್ ತಲೆಯೆತ್ತಿದ.

ನೂರಾ ಮೇಡಂ ಬಂದು ಕೇಳಿದರು: ಹೇಗಿತ್ತು?
"ಕೂಲಿಂಗ್ ಸರಿಯಿದೆ" ಅಂದೆ.
ಡಂಬರ್ ನಕ್ಕ, ಜಪಾನಿಯಾಗಿರುವುದನ್ನು ಮರೆತು.

ಜಾಬ್ ಕಾರ್ಡಿಗೆ ಸಹಿ. ಬಾಕಿ ನಲವತ್ತೆಂಟು ದಿನಾರು.
ವ್ಯಾನಿನ ಸ್ಟಿಯರಿಂಗು ಮುಟ್ಟಗೊಡದಷ್ಟು ಕಾದಿತ್ತು.
ಮುಂದಿನ ಕರೆ ಹಿದ್ದ್‌ನದು, ಐಸ್‌ಕ್ರೀಮ್ ಗೋದಾಮು.
ದಾರಿಯುದ್ದಕ್ಕೂ ನಾಲಗೆ
ಹಲ್ಲಿನ ಹಿಂದೆ, ದವಡೆಯ ಮೂಲೆಯಲ್ಲಿ
ಹುಡುಕುತ್ತಲೇ ಇತ್ತು.